ತಡವಾಗಿ ಬಂದ ಸ್ಪೀಕರಿಗೆ ನಮ್ಮ ಮನೆಯಲ್ಲಿ ಜಾಗವಿದೆಯೇ?

ಬೆಂಗಳೂರಿನ ಎಸ್.ಪಿ. ರಸ್ತೆಯ ಯಾವುದಾದರೂ ಬಿಡಿಭಾಗಗಳ ಅಂಗಡಿಗೆ ಹೋಗಿ ಡಿಜಿಟಲ್ ಮೈಕು, ಪುಟ್ಟ ಆಂಪ್ಲಿಫೈಯರ್ ಬೋರ್ಡು, ವೈಫೈ ಇರುವ ಇಎಸ್‌ಪಿ32 ಚಿಪ್ಪು, ಮೂರು ಇಂಚಿನ ಸ್ಪೀಕರು ಎಂದು ಕೇಳಿ ನೋಡಿ. ಅಂಗಡಿಯವರು ಒಂದೊಂದಾಗಿ ತೆಗೆದು ಮುಂದಿಡುತ್ತಾರೆ. ಮಾತು ಕೇಳಿ ದೀಪ ಆರಿಸುವ, ಹಾಡು ಹಾಕುವ, ಮಳೆ ಬರುತ್ತದೆಯೇ ಎಂದು ಹೇಳುವ ಸ್ಮಾರ್ಟ್ ಸ್ಪೀಕರಿನೊಳಗೆ ಇರುವುದು ಹೆಚ್ಚುಕಡಿಮೆ ಇಂಥ ಸಾಮಾನುಗಳೇ. ಪೆಟ್ಟಿಗೆ ಕಟ್ಟುವುದು ಕಷ್ಟವಲ್ಲ ಎಂದ ಮೇಲೆ, ಅಮೆಜಾನ್ 2014ರ ನವೆಂಬರಿನಲ್ಲಿ ಎಕೋ ತಂದು, ಗೂಗಲ್ 2016ರಲ್ಲಿ ಹೋಮ್ ತಂದು ಇಷ್ಟು ವರ್ಷಗಳಾದ ಮೇಲೂ ಹೊಸಬರು ಯಾರಾದರೂ ಈ ಮಾರುಕಟ್ಟೆಗೆ ಇಳಿದು ಉಳಿಯಬಹುದೇ? ಉಳಿಯಬಹುದು ಎಂದೇ ನನ್ನ ನಂಬಿಕೆ. ಆದರೆ ಮೊದಲು ಬಂದವರು ಮಾಡಿದ್ದನ್ನೇ ಇನ್ನೊಮ್ಮೆ ಮಾಡಲು ಹೊರಟವರಿಗೆ ಆ ಅವಕಾಶವಿಲ್ಲ. ಅದಕ್ಕೆ ಸಾಕಷ್ಟು ಸಾಕ್ಷ್ಯ ಈಗಾಗಲೇ ನಮ್ಮ ಮುಂದಿದೆ.

2017ರ ಅಕ್ಟೋಬರಿನಲ್ಲಿ ಮಾತಿಗೆ ಉತ್ತರಿಸುವ ಮೈಕ್ರೋಸಾಫ್ಟಿನ ಧ್ವನಿ ಸಹಾಯಕಿ ಕೊರ್ಟಾನಾವನ್ನು ಹೊತ್ತ ಇನ್ವೋಕ್ ಸ್ಪೀಕರ್ ಬಂತು. ತಯಾರಿಸಿದ್ದು ಹರ್ಮನ್ ಕಾರ್ಡನ್, ಬೆಲೆ 199 ಡಾಲರ್. 2021ರಲ್ಲಿ ಅದರಿಂದ ಕೊರ್ಟಾನಾವನ್ನೇ ಕಿತ್ತುಹಾಕಲಾಯಿತು. ಸ್ಯಾಮ್‌ಸಂಗ್ 2018ರ ಆಗಸ್ಟಿನಲ್ಲಿ ಗ್ಯಾಲಕ್ಸಿ ಹೋಮ್ ಎಂಬ ಸ್ಪೀಕರನ್ನು ವೇದಿಕೆಯ ಮೇಲೆ ತೋರಿಸಿತು. ಅದು ಅಂಗಡಿಗೆ ಬರಲೇ ಇಲ್ಲ. ತನ್ನ ಧ್ವನಿ ಸಹಾಯಕಿ ಸಿರಿಯನ್ನು 2011ರಲ್ಲೇ ಫೋನಿಗೆ ತಂದಿದ್ದ ಆ್ಯಪಲ್ ಕೂಡ ಸ್ಪೀಕರಿನ ವಿಷಯದಲ್ಲಿ ಹಿಂದೆ ಬಿದ್ದಿತ್ತು. ಅದರ ಹೋಮ್‌ಪಾಡ್ 2018ರ ಫೆಬ್ರವರಿಯಲ್ಲಿ 349 ಡಾಲರಿಗೆ ಬಂದಾಗ ಧ್ವನಿಯ ಗುಣಮಟ್ಟವನ್ನು ಎಲ್ಲರೂ ಮೆಚ್ಚಿದರು. ಆದರೆ 50 ಡಾಲರಿನ ಪುಟ್ಟ ಎಕೋ ಡಾಟ್ ಆಗಲೇ ಮನೆಮನೆಯ ಮೂಲೆ ಹಿಡಿದಿತ್ತು. 2021ರಲ್ಲಿ ಆ್ಯಪಲ್ ಆ ಮಾದರಿಯನ್ನು ನಿಲ್ಲಿಸಿ, 99 ಡಾಲರಿನ ಪುಟ್ಟ ಹೋಮ್‌ಪಾಡ್ ಮಿನಿಯ ಮೇಲೆ ಭಾರ ಹಾಕಿತು. ದೊಡ್ಡ ಹೋಮ್‌ಪಾಡ್ ಮತ್ತೆ ಕಾಣಿಸಿಕೊಂಡದ್ದು 2023ರಲ್ಲಿ. ಇವರಲ್ಲಿ ಯಾರಿಗೂ ದುಡ್ಡಿನ ಕೊರತೆ ಇರಲಿಲ್ಲ, ಎಂಜಿನಿಯರುಗಳ ಕೊರತೆಯೂ ಇರಲಿಲ್ಲ.

ಇದೇ ಅವಧಿಯಲ್ಲಿ ಬೇರೆ ಕೆಲವು ಊರುಗಳಲ್ಲಿ ನಡೆದದ್ದೇ ಬೇರೆ. ದಕ್ಷಿಣ ಕೊರಿಯಾದಲ್ಲಿ ಎಸ್‌ಕೆ ಟೆಲಿಕಾಂ 2016ರಲ್ಲೇ ಕೊರಿಯನ್ ಅರಿಯುವ ನುಗು ಸ್ಪೀಕರನ್ನು ತಂದಿತು. ಗೂಗಲ್ ಹೋಮ್ ಅಲ್ಲಿಗೆ ತಲುಪಿದ್ದು 2018ರಲ್ಲಿ. ರಷ್ಯಾದಲ್ಲಿ ಯಾಂಡೆಕ್ಸ್ 2018ರಲ್ಲಿ ರಷ್ಯನ್ ಮಾತಾಡುವ ತನ್ನ ಸಹಾಯಕಿ ಆಲಿಸಾಳನ್ನು ಸ್ಪೀಕರಿನಲ್ಲಿ ಕೂರಿಸಿ ಮಾರಿತು. ಚೀನಾದಲ್ಲಿ ಅಲಿಬಾಬಾ, ಶಿಯೋಮಿ, ಬೈದು ಮೂವರೂ ಎಕೋ ಬಂದು ವರ್ಷಗಳಾದ ಮೇಲೆ ಇಳಿದವರು. ಲೆಕ್ಕ ಹಾಕಿದರೆ ಎಲ್ಲರೂ ತಡವಾಗಿ ಬಂದವರೇ. ಆದರೆ ತಮ್ಮ ಜನ ಮನೆಯಲ್ಲಿ ಆಡುವ ಮಾತಿನ ಮಟ್ಟಿಗೆ ಅವರು ಮೊದಲಿಗರ ಸಾಲಿನವರು. ಚೀನಾದಲ್ಲಿ ಬೆಲೆಯನ್ನು ನೆಲಕ್ಕಿಳಿಸಿದ್ದೂ ಕೆಲಸ ಮಾಡಿತು ಎಂಬುದನ್ನು ಮರೆಯುವಂತಿಲ್ಲ. ಆದರೂ ಭಾಷೆಯ ಬಾಗಿಲು ತೆರೆದಿರದಿದ್ದರೆ ಬರೀ ಅಗ್ಗದ ಬೆಲೆ ಅಷ್ಟು ದೂರ ಕರೆದೊಯ್ಯುತ್ತಿರಲಿಲ್ಲ.

ಕನ್ನಡಕ್ಕೆ ಆ ಬಾಗಿಲು ಇನ್ನೂ ತೆರೆದೇ ಇದೆ. 2011ರ ಜನಗಣತಿಯಲ್ಲಿ ಕನ್ನಡ ತಾಯ್ನುಡಿ ಎಂದು ಬರೆಸಿದವರು 4 ಕೋಟಿ 37 ಲಕ್ಷ ಮಂದಿ. ಎಕೋ 2017ರಲ್ಲಿ ಭಾರತಕ್ಕೆ ಬಂತು, 2019ರಲ್ಲಿ ಅದರ ಸಹಾಯಕಿ ಅಲೆಕ್ಸಾ ಹಿಂದಿ ಕಲಿಯಿತು, ಕನ್ನಡದ ಸರದಿ ಬರಲಿಲ್ಲ. ಫೋನಿನಲ್ಲಿ ಕನ್ನಡದಲ್ಲಿ ಮಾತಾಡಿ ಹುಡುಕುವ ಸೌಲಭ್ಯ ಬಂದು ವರ್ಷಗಳಾದವು. ಆದರೆ ಧ್ವನಿಯ ಸಹಾಯ ನಿಜವಾಗಿ ಬೇಕಾಗುವುದು ಫೋನು ಕೈಯಲ್ಲಿ ಇಲ್ಲದವರಿಗೆ: ಚಪಾತಿ ಹಿಟ್ಟು ಕಲಸುತ್ತಿರುವವರಿಗೆ, ಕಣ್ಣು ಮಂಜಾಗಿ ಪರದೆಯ ಅಕ್ಷರ ಕಾಣದವರಿಗೆ, ಮಂಡಿನೋವಿನಿಂದ ರಾತ್ರಿ ಎದ್ದು ಸ್ವಿಚ್ಚಿನ ತನಕ ನಡೆಯಲಾಗದ ಅಜ್ಜಿಯರಿಗೆ. ಅವರಲ್ಲಿ ಬಹಳ ಮಂದಿಗೆ ಇಂಗ್ಲಿಷಾಗಲಿ ಹಿಂದಿಯಾಗಲಿ ಬಾರದು. ಅತಿ ಹೆಚ್ಚು ಉಪಯೋಗವಾಗಬೇಕಾದವರಿಗೇ ಈ ಸಾಧನ ಕಿವುಡಾಗಿದೆ ಎಂಬುದು ನನಗೆ ಸಹಿಸಲಾಗದ ಸಂಗತಿ.

ಹಾಗಾದರೆ ಫೋನಿನ ಕನ್ನಡವನ್ನೇ ತಂದು ಸ್ಪೀಕರಿಗೆ ತುಂಬಿದರೆ ಆಗದೇ? ಆಗದು. ಕಾರಣ ಭೌತವಿಜ್ಞಾನದಲ್ಲಿದೆ.

ಫೋನಿಗೆ ಮಾತಾಡುವಾಗ ಬಾಯಿಗೂ ಮೈಕಿಗೂ ಹೆಚ್ಚೆಂದರೆ ಅರ್ಧ ಮೀಟರ್ ಅಂತರ. ಸ್ಪೀಕರು ಟಿವಿ ಸ್ಟ್ಯಾಂಡಿನ ಮೇಲಿದ್ದರೆ ನಾಲ್ಕು ಮೀಟರ್. ದೂರ ಎರಡರಷ್ಟಾದಾಗಲೆಲ್ಲ ನೇರವಾಗಿ ಬರುವ ಶಬ್ದದ ತೀವ್ರತೆ ನಾಲ್ಕನೇ ಒಂದು ಭಾಗಕ್ಕೆ ಇಳಿಯುತ್ತದೆ. ಅರ್ಧದಿಂದ ನಾಲ್ಕು ಮೀಟರಿಗೆ ಹೋದರೆ 64ನೇ ಒಂದು ಭಾಗ. ಅಷ್ಟು ಕ್ಷೀಣವಾದ ದನಿಯ ಮೇಲೆ ಫ್ಯಾನಿನ ಸದ್ದು, ಮಿಕ್ಸಿ, ಕುಕ್ಕರಿನ ಸೀಟಿ, ಕಿಟಕಿಯಾಚೆಯ ಹಾರನ್ನು ಎಲ್ಲ ಬಂದು ಕೂರುತ್ತವೆ. ಸಾಲದೆಂಬಂತೆ ಸ್ಪೀಕರು ತಾನೇ ಹಾಡುತ್ತಿದ್ದರೆ ಆ ಹಾಡೂ ಅದೇ ಮೈಕಿಗೆ ನುಗ್ಗುತ್ತದೆ. ತಾನು ಏನು ನುಡಿಸುತ್ತಿದ್ದೇನೆ ಎಂಬುದು ಯಂತ್ರಕ್ಕೆ ಗೊತ್ತಿರುವುದರಿಂದ ಅದನ್ನು ಲೆಕ್ಕ ಹಾಕಿ ಕಳೆಯಬಹುದು. ಉಳಿದ ಗದ್ದಲಕ್ಕೆ ಇನ್ನೊಂದು ಉಪಾಯ ಬೇಕು.

ಅದಕ್ಕೇ ಒಂದರ ಬದಲು ಹಲವು ಮೈಕುಗಳು. ಮೊದಲ ಎಕೋದಲ್ಲಿ ಏಳಿದ್ದವು. ಏಳು ಸೆಂಟಿಮೀಟರ್ ಅಂತರದಲ್ಲಿ ಎರಡು ಮೈಕುಗಳಿವೆ, ಮಾತು ಒಂದು ಪಕ್ಕದಿಂದ ಬರುತ್ತಿದೆ ಎಂದುಕೊಳ್ಳಿ. ಶಬ್ದ ಸೆಕೆಂಡಿಗೆ ಸುಮಾರು 343 ಮೀಟರ್ ಓಡುತ್ತದೆ. ಎರಡನೆಯ ಮೈಕನ್ನು ಮುಟ್ಟಲು ಅದಕ್ಕೆ 0.2 ಮಿಲಿಸೆಕೆಂಡ್ ಹೆಚ್ಚು ಬೇಕು. ಯಂತ್ರ ಸೆಕೆಂಡಿಗೆ 16,000 ಬಾರಿ ಶಬ್ದವನ್ನು ಅಳೆಯುತ್ತಿದ್ದರೆ ಈ ವ್ಯತ್ಯಾಸ ಮೂರು ಅಳತೆಗಳಷ್ಟು. ಮೊದಲ ಮೈಕಿನ ದಾಖಲೆಯನ್ನು ಮೂರು ಅಳತೆ ತಡಮಾಡಿ ಎರಡನೆಯದಕ್ಕೆ ಕೂಡಿಸಿದರೆ ಆ ದಿಕ್ಕಿನ ಮಾತು ಒಂದರ ಮೇಲೊಂದು ಬಿದ್ದು ಗಟ್ಟಿಯಾಗುತ್ತದೆ, ಬೇರೆ ದಿಕ್ಕಿನ ಸದ್ದುಗಳು ಹೊಂದಾಣಿಕೆ ತಪ್ಪಿ ತಗ್ಗುತ್ತವೆ. ತಡಮಾಡುವ ಪ್ರಮಾಣ ಬದಲಿಸುತ್ತ ಹೋದಂತೆ ಯಂತ್ರ ಕದಲದೆಯೇ ಕಿವಿ ತಿರುಗಿಸುತ್ತದೆ. ಇಡೀ ತಂತ್ರಜ್ಞಾನದಲ್ಲಿ ನನಗೆ ಅತ್ಯಂತ ಸುಂದರವಾಗಿ ಕಾಣುವುದು ಈ ಮೂರು ಅಳತೆಗಳ ಲೆಕ್ಕ.

ಆದರೆ ಕೋಣೆಯ ಪ್ರತಿಧ್ವನಿ ಇದಕ್ಕೂ ಪೂರ್ತಿ ಬಗ್ಗುವುದಿಲ್ಲ. ಹಾರ್ವರ್ಡ್ ವಿಶ್ವವಿದ್ಯಾಲಯದ ವಾಲೆಸ್ ಸಬೈನ್ ಹತ್ತೊಂಬತ್ತನೆಯ ಶತಮಾನದ ಕೊನೆಗೆ ಕಂಡುಕೊಂಡ ಸೂತ್ರ ಇಂದಿಗೂ ಉಪಯೋಗದಲ್ಲಿದೆ: ಕೋಣೆಯ ಗಾತ್ರವನ್ನು 0.161ರಿಂದ ಗುಣಿಸಿ, ಗೋಡೆ ನೆಲಗಳು ಒಟ್ಟಾರೆ ಎಷ್ಟು ಶಬ್ದ ಹೀರುತ್ತವೆ ಎಂಬುದರಿಂದ ಭಾಗಿಸಿದರೆ, ಸದ್ದು ಅಡಗಲು ಎಷ್ಟು ಸೆಕೆಂಡ್ ಬೇಕೆಂದು ಸಿಗುತ್ತದೆ. ಐದು ಮೀಟರ್ ಉದ್ದ, ನಾಲ್ಕು ಮೀಟರ್ ಅಗಲ, ಮೂರು ಮೀಟರ್ ಎತ್ತರದ ಒಂದು ಹಾಲ್ ತೆಗೆದುಕೊಳ್ಳಿ. ಗಾತ್ರ 60 ಘನ ಮೀಟರ್, ಒಳಮೈ 94 ಚದರ ಮೀಟರ್. ಸೋಫಾ, ಕಾರ್ಪೆಟ್, ದಪ್ಪ ಪರದೆಗಳಿದ್ದು ಮೇಲ್ಮೈಗಳು ಸರಾಸರಿ ಶೇ 20ರಷ್ಟು ಶಬ್ದ ಹೀರಿದರೆ ಅರ್ಧ ಸೆಕೆಂಡಿನಲ್ಲಿ ಸದ್ದು ಅಡಗುತ್ತದೆ. ಅದೇ ಹಾಲಿಗೆ ವಿಟ್ರಿಫೈಡ್ ಟೈಲ್ಸ್, ಗಾರೆ ಗೋಡೆ, ಕಾಂಕ್ರೀಟ್ ಸೂರು ಮಾತ್ರ ಇದ್ದು ಶೇ 5ರಷ್ಟೇ ಹೀರಿದರೆ ಎರಡು ಸೆಕೆಂಡ್ ಬೇಕು. ಬೆಂಗಳೂರಿನ ಬಹುಪಾಲು ಮನೆಗಳು ಇವೆರಡರ ನಡುವೆ ಎಲ್ಲೋ ಇವೆ, ಮತ್ತು ಅವುಗಳ ಒಲವು ಗಟ್ಟಿ ನೆಲದ ಕಡೆಗೇ. ನಾವು ಸೆಕೆಂಡಿಗೆ ಸುಮಾರು ಐದು ಅಕ್ಷರ ಉಚ್ಚರಿಸುತ್ತೇವೆ. ಹಾಗಾಗಿ ಪ್ರತಿ ಅಕ್ಷರದ ಬಾಲವೂ ಮುಂದಿನ ಹಲವು ಅಕ್ಷರಗಳ ಮೇಲೆ ಹರಡಿಕೊಳ್ಳುತ್ತದೆ. ಕನ್ನಡದಲ್ಲಿ ಯಾರು, ಯಾವಾಗ, ಮಾಡಬೇಕೋ ಬೇಡವೋ ಎಂಬುದೆಲ್ಲ ಪದದ ತುದಿಯಲ್ಲೇ ಇರುತ್ತದೆ. ‘ಆರಿಸು’ ಎಂಬುದೂ ‘ಆರಿಸಬೇಡ’ ಎಂಬುದೂ ಒಂದೇ ರೀತಿ ಶುರುವಾಗುತ್ತವೆ. ಮಸುಕಾಗುವುದು ಆ ತುದಿಯೇ.

ಮಾತಿಗೆ ಮುಂಚೆ ಕೂಗಿ ಎಚ್ಚರಿಸುವ ಹೆಸರಿದೆಯಲ್ಲ, ಅದನ್ನು ಗುರುತಿಸುವ ಕೆಲಸ ಪೆಟ್ಟಿಗೆಯೊಳಗೇ ನಡೆಯುತ್ತದೆ. ಹತ್ತು ಮಿಲಿಸೆಕೆಂಡಿಗೊಮ್ಮೆ ‘ಕರೆದರೇ?’ ಎಂದು ಪರೀಕ್ಷಿಸುವ ಯಂತ್ರ ದಿನಕ್ಕೆ 86 ಲಕ್ಷ 40 ಸಾವಿರ ಬಾರಿ ತೀರ್ಮಾನಿಸುತ್ತದೆ. ಹತ್ತು ಲಕ್ಷಕ್ಕೊಂದು ತಪ್ಪಾದರೂ ದಿನಕ್ಕೆ ಎಂಟು ಬಾರಿ ಯಾರೂ ಕರೆಯದೆ ಎದ್ದು ಕೂರುತ್ತದೆ. ಇದನ್ನು ಹತೋಟಿಗೆ ತರಲು ಸಾವಿರಾರು ಮನೆಗಳ ಶಬ್ದ ಬೇಕು. ಮೊದಲು ಬಂದವರ ನಿಜವಾದ ಆಸ್ತಿ ಇದು. ಅಮೆಜಾನ್ ತನ್ನ ಲೆಕ್ಕದ ಪ್ರಕಾರ 2023ರ ವೇಳೆಗೆ ಅಲೆಕ್ಸಾ ಇರುವ 50 ಕೋಟಿ ಸಾಧನಗಳನ್ನು ಮಾರಿತ್ತು. ಅಷ್ಟು ಕಿವಿಗಳಿರುವವರ ಜತೆ ಇಂಗ್ಲಿಷಿನಲ್ಲಿ ಪೈಪೋಟಿಗೆ ಇಳಿಯುವುದು ವ್ಯರ್ಥ.

ಕನ್ನಡದಲ್ಲಿ ಲೆಕ್ಕ ಬೇರೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ, ಅಲ್ಲಿಯ ಸಂಶೋಧನಾ ಕೇಂದ್ರ ಆರ್ಟ್‌ಪಾರ್ಕ್ ಮತ್ತು ಗೂಗಲ್ ಸೇರಿ ನಡೆಸುತ್ತಿರುವ ‘ವಾಣಿ’ ಯೋಜನೆ ಜಿಲ್ಲೆ ಜಿಲ್ಲೆಯ ಜನರಿಗೆ ಚಿತ್ರ ತೋರಿಸಿ, ಅದನ್ನು ನೋಡಿ ತೋಚಿದ್ದನ್ನು ಅವರದೇ ಮಾತಿನಲ್ಲಿ ಹೇಳಿಸಿ ದಾಖಲಿಸುತ್ತದೆ. ಓದಿ ಹೇಳಿದ ಮಾತಲ್ಲ, ಆಡಿದ ಮಾತು. ಅದರ ಬೆಲೆ ದೊಡ್ಡದು. ಮದ್ರಾಸ್ ಐಐಟಿಯ ಸಂಶೋಧನಾ ತಂಡ ಎಐ4ಭಾರತ್, ಕೇಂದ್ರ ಸರ್ಕಾರದ ಭಾಷಾ ತಂತ್ರಜ್ಞಾನ ಯೋಜನೆ ಭಾಷಿಣಿ ಕೂಡ ಭಾರತೀಯ ಭಾಷೆಗಳ ದಾಖಲೆಗಳನ್ನೂ ಅವುಗಳಿಂದ ಕಲಿತ ತಂತ್ರಾಂಶ ಮಾದರಿಗಳನ್ನೂ ಮುಕ್ತವಾಗಿ ಕೊಡುತ್ತಿವೆ. ಹತ್ತು ವರ್ಷದ ಹಿಂದೆ ಇದಾವುದೂ ಇರಲಿಲ್ಲ. ಈಗ ಬರುವವರು ಸೊನ್ನೆಯಿಂದ ಶುರು ಮಾಡಬೇಕಿಲ್ಲ.

ಇಂಥ ದಾಖಲೆಗಳು ಬಹುಮಟ್ಟಿಗೆ ಬಾಯಿಯ ಹತ್ತಿರದ ಮೈಕಿನವು. ಅವನ್ನು ಹಾಲಿನ ಆಚೆ ತುದಿಗೆ ಒಯ್ಯಲು ಒಂದು ಅಗ್ಗದ ದಾರಿ ಇದೆ. ಕೋಣೆಯ ಒಂದು ಕಡೆ ಸ್ಪೀಕರಿಟ್ಟು ತಗ್ಗಿನ ಸ್ವರದಿಂದ ಎತ್ತರದ ಸ್ವರದವರೆಗೆ ಏರುವ ಒಂದು ಸದ್ದು ನುಡಿಸಿ, ಇನ್ನೊಂದು ಕಡೆ ದಾಖಲಿಸಿಕೊಂಡರೆ ಆ ಕೋಣೆ ಶಬ್ದವನ್ನು ಹೇಗೆ ಬದಲಿಸುತ್ತದೆ ಎಂಬುದರ ಪೂರ್ಣ ಗುರುತು ಸಿಗುತ್ತದೆ. ಅದನ್ನು ಗಣಿತದ ಮೂಲಕ ಯಾವುದೇ ಧ್ವನಿಮುದ್ರಣಕ್ಕೆ ಲೇಪಿಸಿದರೆ, ಕಲಬುರಗಿಯ ರೈತನೊಬ್ಬ ಫೋನಿನಲ್ಲಿ ಆಡಿದ ಮಾತು ಮಲ್ಲೇಶ್ವರದ ಹಳೆಯ ಮನೆಯ ಕೆಂಪು ಗಾರೆಯ ನಡುಮನೆಯಲ್ಲಿ ಆಡಿದಂತೆ ಕೇಳಿಸುತ್ತದೆ. ಮೇಲೆ ಕುಕ್ಕರಿನ ಸೀಟಿ ಬೆರೆಸಬಹುದು. ನೂರು ಮನೆಗಳ ಗುರುತು ಹಿಡಿದರೆ ಇರುವ ಪ್ರತಿ ಗಂಟೆಯ ಮಾತೂ ನೂರು ಬಗೆಯಲ್ಲಿ ತರಬೇತಿಗೆ ಒದಗುತ್ತದೆ. ಚಾಮರಾಜಪೇಟೆಯ ವಠಾರದಿಂದ ವೈಟ್‌ಫೀಲ್ಡಿನ ಫ್ಲ್ಯಾಟಿನವರೆಗೆ ಒಂದು ಸಣ್ಣ ತಂಡ ಕೆಲವೇ ತಿಂಗಳಲ್ಲಿ ಮಾಡಿ ಮುಗಿಸಬಹುದಾದ ಕೆಲಸವಿದು. ಇದರಿಂದಲೇ ಎಲ್ಲವೂ ಬಗೆಹರಿಯದು. ನಿಜವಾದ ಮನೆಯಲ್ಲಿ ಜನ ಓಡಾಡುತ್ತ ಮಾತಾಡುತ್ತಾರೆ, ತಾಯಿಯೊಡನೆ ತೆಲುಗು, ಮಕ್ಕಳೊಡನೆ ಕನ್ನಡ, ನಡುವೆ ‘ಗೀಸರ್ ಆಫ್ ಮಾಡು’ ಎನ್ನುವಂಥ ಬೆರಕೆ. ಅದನ್ನು ಒಪ್ಪಿಗೆ ಪಡೆದ ಮನೆಗಳಿಂದಲೇ ಕಲಿಯಬೇಕು.

ಕೇಳಿಸಿಕೊಂಡದ್ದನ್ನು ಅರ್ಥಮಾಡಿಕೊಳ್ಳುವ ಭಾಗ ಈಚೆಗೆ ಬಹಳ ಸುಲಭವಾಗಿದೆ. ಹಳೆಯ ಸಹಾಯಕಿಯರು ಮೊದಲೇ ಬರೆದಿಟ್ಟ ಆಜ್ಞೆಗಳ ಚೌಕಟ್ಟಿನಲ್ಲಿ ಕೆಲಸ ಮಾಡುತ್ತಿದ್ದವು. ಚಾಟ್‌ಜಿಪಿಟಿಯ ಹಿಂದಿರುವಂಥ ದೊಡ್ಡ ಭಾಷಾ ಮಾದರಿಗಳು ಬಂದ ಮೇಲೆ, ಅದರಲ್ಲಿ ಮೊದಲು ಬಂದವರು ಗಳಿಸಿದ್ದ ಮುನ್ನಡೆಗೆ ಅರ್ಥವೇ ಉಳಿಯಲಿಲ್ಲ. ಅಮೆಜಾನ್ ಕೂಡ 2025ರಲ್ಲಿ ಅಲೆಕ್ಸಾ ಪ್ಲಸ್ ಎಂದು ಹೊಸದಾಗಿ ಕಟ್ಟಬೇಕಾಯಿತು. ಇಲ್ಲಿ ಉಳಿದಿರುವ ತೊಡಕು ವೇಗದ್ದು. ಮನುಷ್ಯರ ಸಂಭಾಷಣೆಯಲ್ಲಿ ಒಬ್ಬರ ಮಾತು ಮುಗಿದು ಇನ್ನೊಬ್ಬರದು ಶುರುವಾಗಲು ಸರಾಸರಿ 200 ಮಿಲಿಸೆಕೆಂಡ್ ಸಾಕು ಎಂದು ಹತ್ತು ಭಾಷೆಗಳ ಅಧ್ಯಯನ ತೋರಿಸಿದೆ. ದೀಪ ಆರಿಸಲು ಎರಡು ಸೆಕೆಂಡ್ ಯೋಚಿಸುವ ಯಂತ್ರವನ್ನು ಯಾರೂ ಎರಡನೆಯ ವಾರ ಕೇಳುವುದಿಲ್ಲ.

ಇನ್ನು ದೀಪ, ಫ್ಯಾನು, ಗೀಸರುಗಳ ಜೋಡಣೆ. ಇದು ಮೊದಲು ಬಂದವರ ಕೋಟೆಯಾಗಿತ್ತು, ಈಗ ಅಲ್ಲ. ಅಮೆಜಾನ್, ಗೂಗಲ್, ಆ್ಯಪಲ್, ಸ್ಯಾಮ್‌ಸಂಗ್ ಎಲ್ಲ ಸೇರಿ ಒಪ್ಪಿಕೊಂಡ ಮ್ಯಾಟರ್ ಎಂಬ ಮಾನದಂಡ 2022ರ ಅಕ್ಟೋಬರಿನಲ್ಲಿ ಹೊರಬಂತು. ಅದನ್ನು ಪಾಲಿಸುವ ಪ್ಲಗ್ಗು, ಬಲ್ಬುಗಳಿಗೆ ಹೊಸ ಕಂಪನಿಯ ಸ್ಪೀಕರೂ ಮನೆಯ ಜಾಲದೊಳಗಿಂದಲೇ ಆಜ್ಞೆ ಕೊಡಬಹುದು, ಇಂಟರ್ನೆಟ್ ಕೈಕೊಟ್ಟಾಗಲೂ. ಹೋಮ್ ಅಸಿಸ್ಟೆಂಟ್ ಎಂಬ ಮುಕ್ತ ತಂತ್ರಾಂಶದ ತಂಡ 2024ರ ಡಿಸೆಂಬರಿನಲ್ಲಿ 59 ಡಾಲರಿನ ಧ್ವನಿ ಸಾಧನವೊಂದನ್ನು ತಂದಿತು. ಅದರೊಳಗಿರುವುದು ಇಎಸ್‌ಪಿ32 ಕುಟುಂಬದ್ದೇ ಒಂದು ಚಿಪ್ಪು.

ಕೊನೆಯದಾಗಿ ದುಡ್ಡು. ವಾಲ್ ಸ್ಟ್ರೀಟ್ ಜರ್ನಲ್ 2024ರಲ್ಲಿ ವರದಿ ಮಾಡಿದಂತೆ, ಎಕೋ ಸೇರಿದಂತೆ ಅಮೆಜಾನಿನ ಸಾಧನಗಳ ವಿಭಾಗ 2017ರಿಂದ 2021ರವರೆಗೆ 2,500 ಕೋಟಿ ಡಾಲರಿಗೂ ಹೆಚ್ಚು ನಷ್ಟ ಮಾಡಿತು. ಸ್ಪೀಕರನ್ನು ಅಗ್ಗಕ್ಕೆ ಕೊಟ್ಟರೆ ಜನ ಅದರ ಮೂಲಕ ಸಾಮಾನು ಕೊಳ್ಳುತ್ತಾರೆ ಎಂಬ ಎಣಿಕೆ ಫಲಿಸಲಿಲ್ಲ. ಜನ ಹಾಡು ಹಾಕಿಸಿಕೊಂಡರು, ಟೈಮರ್ ಇಟ್ಟುಕೊಂಡರು. ಬೆಂಗಳೂರಿನ ಹೊಸ ಕಂಪನಿಯೊಂದಕ್ಕೆ ಅಂಥ ನಷ್ಟ ತಾಳುವ ಶಕ್ತಿ ಇಲ್ಲ. ಪ್ರತಿ ಮಾತಿಗೂ ದೂರದ ಸರ್ವರನ್ನು ಎಬ್ಬಿಸಿದರೆ ಮಾರಿದ ಪೆಟ್ಟಿಗೆಗಳು ಹೆಚ್ಚಾದಂತೆಲ್ಲ ಖರ್ಚೂ ಏರುತ್ತ ಹೋಗುತ್ತದೆ. ಆದರೆ ದೀಪ, ಫ್ಯಾನು, ಟೈಮರು, ಮಾತ್ರೆಯ ಹೊತ್ತಿನ ನೆನಪು ಇವುಗಳಿಗೆ ದೊಡ್ಡ ಮಾದರಿ ಬೇಕಾಗಿಲ್ಲ. ಕೆಲವು ನೂರು ಕನ್ನಡ ವಾಕ್ಯಗಳ ಅರಿವು ಪೆಟ್ಟಿಗೆಯೊಳಗೇ ಕೂರಬಲ್ಲದು. ಖರ್ಚು ಇಳಿಯುತ್ತದೆ, ಉತ್ತರ ಬೇಗ ಬರುತ್ತದೆ, ಮನೆಯ ಮಾತು ಮನೆಯಲ್ಲೇ ಉಳಿಯುತ್ತದೆ. ಧ್ವನಿಮುದ್ರಣ ಹೊರಗೆ ಹೋಗದಂತೆ ತಡೆಯಲು ಕೆಲವು ಎಕೋಗಳಲ್ಲಿ ಇದ್ದ ಆಯ್ಕೆಯನ್ನು ಅಮೆಜಾನ್ 2025ರ ಮಾರ್ಚಿನಲ್ಲಿ ತೆಗೆದುಹಾಕಿತು. ಕೋಟಿಗಟ್ಟಲೆ ಹಳೆಯ ಸಾಧನಗಳನ್ನು ಸರ್ವರಿಗೆ ಕಟ್ಟಿಹಾಕಿ ಬೆಳೆದವರಿಗೆ ಈಗ ಹಿಂದೆ ತಿರುಗುವುದು ಕಷ್ಟ. ಇಂದು ಶುರು ಮಾಡುವವರು ಮೊದಲ ನಕ್ಷೆಯಲ್ಲೇ ಮೈಕಿನ ಪಕ್ಕದಲ್ಲಿ ಆ ಕನ್ನಡಕ್ಕೆ ಬೇಕಾದಷ್ಟು ಮೆಮೊರಿ ಇಟ್ಟುಕೊಳ್ಳಬಹುದು.