ಎರೆಮಣ್ಣಿಗೆ ಎರಡು ಬೆರಳು ಸಂದು

ಮೃಗಶಿರಾ ಮಳೆ ಬಿದ್ದ ಮರುದಿನ ನನ್ನ ಅಂಗಡಿಗೆ ಸೈಕಲ್ಲುಗಳು ಹೆಗಲ ಮೇಲೆ ಬರುತ್ತವೆ. ಈ ಸಲ ಜೇವರ್ಗಿ ರಸ್ತೆ ಕಡೆಯ ಹೊಲದಿಂದ ಹೊತ್ತು ತಂದ ಹುಡುಗ ಇಳಿಸಿದವನೇ, "ಕಾಕಾ, ಗಾಲಿ ತಿರಗವಲ್ದು. ಈ ಮಡ್‌ಗಾರ್ಡ್ ಕಿತ್ತು ಒಗೀರಿ" ಅಂದ.

ಸಿಟ್ಟು ಬರುವುದೇ. ಕಲಬುರಗಿಯ ಎರೆಮಣ್ಣು ನೀರು ಕುಡಿದು ಉಬ್ಬುವ ಜಾತಿಯದು. ಟೈರಿಗೆ ಹತ್ತಿದ ರಾಡಿ ಉದುರದೆ ಪದರದ ಮೇಲೆ ಪದರವಾಗಿ ಏರಿ, ಮಡ್‌ಗಾರ್ಡಿನೊಳಗೆ ಗಚ್ಚು ಹಾಕಿದಂತೆ ಕೂರುತ್ತದೆ. ಡಾಂಬರು ರಸ್ತೆಗಾದರೆ ಟೈರಿಗೂ ಮಡ್‌ಗಾರ್ಡಿಗೂ 10ರಿಂದ 15 ಮಿಲಿಮೀಟರ್ ಸಂದು ಸಾಕು. ಹೊಲದ ದಾರಿಗೆ ಎರಡು ಬೆರಳು ಸಲೀಸಾಗಿ ಹೋಗಬೇಕು. ಅಗಲವೂ ಅಷ್ಟೇ: ಟೈರಿಗಿಂತ 10 ಮಿಲಿಮೀಟರಾದರೂ ಹೆಚ್ಚಿರಲಿ, ಇಲ್ಲವಾದರೆ ನೀರು ಪಕ್ಕದಿಂದ ಸಿಡಿಯುತ್ತದೆ.

ಆದರೆ ಹೆಚ್ಚಿನವರು ತಪ್ಪುವುದು ಬೇರೆ ಕಡೆ. ಸೈಕಲ್ ಮುಂದೆ ಹೋಗುವಾಗ ಗಾಲಿಯ ಹಿಂಬದಿ ಮೇಲಕ್ಕೇರುತ್ತದೆ. ಅಂದರೆ ಕಲ್ಲು, ಕಡ್ಡಿ, ಮಣ್ಣು ಮಡ್‌ಗಾರ್ಡಿನ ಬಾಲದಿಂದ ಒಳಹೊಕ್ಕು, ಮುಂದಿನ ತುದಿಯಿಂದ ಹೊರಬೀಳಬೇಕು. ಬಾಲದ ಹತ್ತಿರ ಸಂದು ಅಗಲ, ಮುಂದಿನ ಗಾಲಿ ಹಿಡಿದಿರುವ ಫೋರ್ಕಿನ ಕೆಳಗೆ ಇಕ್ಕಟ್ಟು ಅಂದರೆ ಅದು ಲಾಳಿಕೆ. ಒಳಬಂದದ್ದೆಲ್ಲ ಅಲ್ಲೇ ಸಿಕ್ಕಿಕೊಳ್ಳುತ್ತದೆ. ಆದ್ದರಿಂದ ನಾನು ಮಡ್‌ಗಾರ್ಡ್ ಹಿಡಿದಿರುವ ಕಂಬಿಗಳ ನಟ್ಟು ಸಡಿಲಿಸಿ, ಬಾಲದ ಬಳಿ ಸಂದು ಕೊಂಚ ಕಡಿಮೆ ಇಟ್ಟು, ಮುಂದೆ ಹೋದಂತೆ ಬಿಡುವು ಹೆಚ್ಚುವಂತೆ ಕೂರಿಸುತ್ತೇನೆ. ಆಮೇಲೆ ಗಾಲಿ ತಿರುಗಿಸಿ ಪಕ್ಕದಿಂದ ನೋಡುತ್ತೇನೆ. ಅರ್ಧ ಗಂಟೆ ಹಿಡಿಯುತ್ತದೆ. ಗಿರಾಕಿಗಳು ಗೊಣಗುತ್ತಾರೆ, ಗೊಣಗಲಿ. ಮುಂದಿನ ಗಾಲಿಗೆ ಕಡ್ಡಿ ಸಿಕ್ಕು ಮಡ್‌ಗಾರ್ಡ್ ಮಡಚಿಕೊಂಡರೆ ಗಾಲಿ ಗಕ್ಕನೆ ನಿಂತು ಸವಾರ ಹ್ಯಾಂಡಲ್ ದಾಟಿ ಬೀಳುತ್ತಾನೆ. ಹೊಸ ಪ್ಲಾಸ್ಟಿಕ್ ಮಡ್‌ಗಾರ್ಡುಗಳಲ್ಲಿ ಕೆಲವಕ್ಕೆ ಎಳೆತ ಬಿದ್ದರೆ ತಾನೇ ಕಳಚುವ ಕ್ಲಿಪ್ಪು ಇರುತ್ತದೆ. ಅಂಥದ್ದು ಸಿಕ್ಕರೆ ಬಿಡಬೇಡಿ.

ತಗಡು ತುಕ್ಕು ಹಿಡಿಯುತ್ತದೆ, ಗಡಗಡಿಸುತ್ತದೆ. ನಟ್ಟಿನ ಕೆಳಗೆ ಹಳೇ ಟ್ಯೂಬಿನ ಬಿಲ್ಲೆ ಕೊಟ್ಟರೆ ಸದ್ದು ಅಡಗುತ್ತದೆ. ಹಿಂದಿನ ಮಡ್‌ಗಾರ್ಡಿನ ಬದಲು ಸೀಟಿನ ಕೊಳವೆಗೆ ಸಿಗಿಸುವ ಪಟ್ಟಿ ಬೆನ್ನು ಉಳಿಸುತ್ತದೆ, ಕಾಲನ್ನಲ್ಲ.

ಕಾಲು, ಚೈನು, ಪೆಡಲಿನ ಬೇರಿಂಗು ಉಳಿಯುವುದು ಮುಂದಿನ ಮಡ್‌ಗಾರ್ಡಿನ ಬಾಲಕ್ಕೆ ತೂಗುಬಿಟ್ಟ ಫ್ಲ್ಯಾಪಿನಿಂದ. ಅದಕ್ಕೆ ದುಡ್ಡು ಯಾಕೆ? ಲಾರಿ ಟ್ಯೂಬಿನ ತುಂಡು ಕತ್ತರಿಸಿ, ಎರಡು ತೂತು ಹೊಡೆದು, 5 ಮಿಲಿಮೀಟರಿನ ಬೋಲ್ಟು ಬಿಗಿದರಾಯಿತು. ನೆಲದಿಂದ ನಾಲ್ಕೈದು ಬೆರಳು ಮೇಲಿರಲಿ. ಮೆತ್ತಗಿರುವುದರಿಂದ ರಸ್ತೆಯ ಹಂಪ್‌ಗೆ ತಾಗಿದರೂ ಬಾಗುತ್ತದೆ. ತಗಡನ್ನೇ ಅಷ್ಟು ಉದ್ದ ಇಳಿಸಿದರೆ ಮುರಿಯುತ್ತದೆ.

ಆ ಹುಡುಗನದು ಸರ್ಕಾರ ಎಂಟನೇ ತರಗತಿಯವರಿಗೆ ಕೊಡುತ್ತಿದ್ದ ಸೈಕಲ್ಲು, ಅಕ್ಕನ ಕಾಲದ್ದು. ಅವನೇ ಹಾಕಿಸಿದ ದಪ್ಪ ಟೈರಿನಿಂದಾಗಿ ಫೋರ್ಕಿನ ಕೆಳಗೆ ಒಂದು ಬೆರಳೂ ಹೋಗಲಿಲ್ಲ. ಅದನ್ನು ಯಾವ ಪಾನೆಯೂ ಸರಿಮಾಡದು. ಮುಂದಿನ ಮಡ್‌ಗಾರ್ಡ್ ಬಿಚ್ಚಿ, ಫ್ರೇಮಿನ ಕೆಳಗಿನ ಕೊಳವೆಗೆ ಅಗಲವಾದ ಟ್ಯೂಬಿನ ತುಂಡು ಕಟ್ಟಿ ಕಳಿಸಿದೆ.

"ದೀಪಾವಳಿ ಆದ್ಮ್ಯಾಲೆ ಬಾ, ತೆಳ್ಳನ ಟೈರ್ ಹಾಕಿ ಇದನ್ನ ವಾಪಸ್ ಕೂರಿಸ್ತೀನಿ" ಅಂದೆ. ಮಡ್‌ಗಾರ್ಡ್ ಇಲ್ಲೇ ಮೊಳೆಗೆ ತೂಗುತ್ತಿದೆ.