ಹಡಗಿನ ಕಿಡ್ಸ್ ಕ್ಲಬ್ ಬಾಗಿಲಲ್ಲಿ ಆ ಐದು ನಿಮಿಷ

ನಾಲ್ಕು ವರ್ಷದ ಹುಡುಗಿ, ಬದಿಯಡ್ಕ ಕಡೆಯವಳು. ನನ್ನ ಕ್ಲಿನಿಕ್‌ನಲ್ಲಿ ಮೇಜಿನ ಮೇಲೆ ಕೂರಿಸಿದರೂ ಅಮ್ಮನ ಶಾಲು ಬಿಡಲಿಲ್ಲ. "ಡಾಕ್ಟ್ರೇ, ನಾನು ಬಚ್ಚಲಿಗೆ ಹೋದ್ರೂ ಬಾಗಿಲು ಬಡೀತಾಳೆ. ಅಂಗನವಾಡಿಗೆ ಹೋಗುದೇ ಇಲ್ಲ ಅಂತಾಳೆ. ಮೊದಲು ಹೀಗೆ ಇರ್ಲಿಲ್ಲ" ಅಂದರು ಅಮ್ಮ. ಹೊಟ್ಟೆ, ಕಿವಿ, ಗಂಟಲು ಎಲ್ಲ ಸರಿ ಇತ್ತು. ಈಚೆಗೆ ಏನಾಯಿತು ಅಂತ ಕೇಳುತ್ತಾ ಹೋದಾಗ ಹಡಗಿನ ವಿಷಯ ಬಂತು.

ದುಬೈಯಲ್ಲಿರುವ ಸೋದರಮಾವ ಎಲ್ಲರಿಗೂ ಕ್ರೂಸ್ ಟಿಕೆಟ್ ಮಾಡಿಸಿದ್ದರು. ಮೊದಲ ಸಂಜೆಯೇ ಮಗುವನ್ನು ಕಿಡ್ಸ್ ಕ್ಲಬ್‌ಗೆ, ಅಂದರೆ ಹಡಗಿನ ಸಿಬ್ಬಂದಿ ಮಕ್ಕಳನ್ನು ನೋಡಿಕೊಳ್ಳುವ ಆಟದ ಕೋಣೆಗೆ, ಕರೆದುಕೊಂಡು ಹೋದರು. ಆಟಿಕೆಗಳ ರಾಶಿ ನೋಡಿ ಅವಳು ಓಡಿದಳು. ಬ್ಲಾಕ್ಸ್ ಜೋಡಿಸುತ್ತಾ ಮೈಮರೆತಿದ್ದಾಗ ಅಪ್ಪ ಅಮ್ಮ ಸದ್ದಿಲ್ಲದೆ ಹೊರಗೆ ಬಂದರು. ಹೇಳಿದರೆ ಅಳ್ತಾಳಲ್ವಾ, ಅದಕ್ಕೆ. ಸ್ವಲ್ಪ ಹೊತ್ತಿಗೆ ಮಗು ತಲೆ ಎತ್ತಿ ನೋಡಿದರೆ ಅಮ್ಮ ಇಲ್ಲ. ಗಾಬರಿಯಲ್ಲಿ ಉಚ್ಚೆ ಬಂತು ಅಂದದ್ದು ಅಲ್ಲಿ ಯಾರಿಗೂ ಅರ್ಥವಾಗಲಿಲ್ಲ. ಚಡ್ಡಿ ಒದ್ದೆಯಾಯಿತು. ಸಿಬ್ಬಂದಿ ಫೋನ್ ಮಾಡಿದ್ದಾರೆ, ಊಟದ ಹಾಲ್‌ನ ಗದ್ದಲದಲ್ಲಿ ಕೇಳಿಸಲಿಲ್ಲ.

ಯಾರೂ ಗದರಿಸಿಲ್ಲ, ಹೊಡೆದಿಲ್ಲ. ಆದರೆ ಆ ಮಗು ಒಂದು ಪಾಠ ಕಲಿತು ಬಂತು: ನಾನು ಆಟದಲ್ಲಿ ಮುಳುಗಿದರೆ ಅಮ್ಮ ಕಾಣೆಯಾಗುತ್ತಾಳೆ. ಹಾಗಾದರೆ ಅಮ್ಮನ ಮೇಲಿನ ಕಣ್ಣು ತೆಗೆಯಬಾರದು. ಬಚ್ಚಲಿನ ಬಾಗಿಲು ಬಡಿಯುವುದು ಅದಕ್ಕೇ.

ನಮ್ಮ ಕಾಸರಗೋಡಿನಲ್ಲಿ ಗಲ್ಫ್ ನಂಟಿಲ್ಲದ ಮನೆ ಕಡಿಮೆ. ಚಳಿಗಾಲದಲ್ಲಿ ದುಬೈಯಿಂದ ಹಡಗು ಹತ್ತುವವರಿದ್ದಾರೆ, ರೈಲಿನಲ್ಲಿ ಮುಂಬೈಗೋ ಕೊಚ್ಚಿಗೋ ಹೋಗಿ ಹತ್ತುವವರೂ ಇದ್ದಾರೆ. ಹೊರಡುವ ಮೊದಲು ಕೆಲವರು ನನ್ನಲ್ಲಿ ಕೇಳುತ್ತಾರೆ, ಮಗುವನ್ನು ಕ್ಲಬ್‌ನಲ್ಲಿ ಬಿಡಬಹುದಾ ಅಂತ. ಅಷ್ಟರಲ್ಲಿ ಮನೆಯ ಅಜ್ಜಿ ಹೇಳಿ ಆಗಿರುತ್ತದೆ, "ಅಷ್ಟು ದುಡ್ಡು ಕೊಟ್ಟು ಹೋಗುದು ಮಗುವನ್ನು ಬಿಡ್ಲಿಕ್ಕಾ?" ಅಂತ. ಬಿಡಬಹುದು. ಮೂರು ವರ್ಷ ದಾಟಿದ ಮಗು ದಿನಕ್ಕೆ ಎರಡು ಗಂಟೆ ಬೇರೆ ಮಕ್ಕಳ ಜೊತೆ ಆಡಿದರೆ ಹಾನಿಯೇನೂ ಇಲ್ಲ. ಅಪ್ಪ ಅಮ್ಮ ಕೂತು ನಾಲ್ಕು ಮಾತಾಡುವುದು ತಪ್ಪೂ ಅಲ್ಲ. ನನ್ನ ತಕರಾರು ಬಿಡುವ ರೀತಿಯ ಬಗ್ಗೆ ಮಾತ್ರ.

"ಮದುವೆ ಮನೆಯಲ್ಲಿ ಹತ್ತು ಜನರ ಕೈ ಬದಲಾದ್ರೂ ಅಳುದಿಲ್ಲ, ಇಲ್ಲಿ ಯಾಕೆ ಅತ್ತಳು?" ಅಂತ ಆ ಅಮ್ಮ ಕೇಳಿದರು. ಮದುವೆ ಮನೆಯಲ್ಲಿ ಮಗು ಆ ಹತ್ತು ಜನರನ್ನು ನೋಡುವುದಿಲ್ಲ, ನಿಮ್ಮ ಮುಖ ನೋಡುತ್ತದೆ. ಚಿಕ್ಕಮ್ಮ ಎತ್ತಿಕೊಂಡಾಗ ನೀವು ನಗುತ್ತೀರಿ. ಅಮ್ಮ ನಗ್ತಾ ಇದ್ದಾಳೆ ಅಂದರೆ ಇವರು ನಮ್ಮವರು, ಮಗುವಿಗೆ ಅಷ್ಟು ಸಾಕು. ಒಂದು ವರ್ಷ ತುಂಬುವ ಹೊತ್ತಿಗೇ ಮಕ್ಕಳು ಹೀಗೆ ಮುಖ ಓದಲು ಕಲಿತಿರುತ್ತಾರೆ. ಹಡಗಿನಲ್ಲೂ ಅದನ್ನೇ ಬಳಸಿ. ಅನೇಕ ಹಡಗುಗಳಲ್ಲಿ ಮೊದಲ ದಿನ ಕ್ಲಬ್ ನೋಡಲು ಅಪ್ಪ ಅಮ್ಮಂದಿರನ್ನೂ ಒಳಗೆ ಬಿಡುತ್ತಾರೆ. ಹೋಗಿ, ನೆಲದಲ್ಲಿ ಕೂರಿ. ನೋಡಿಕೊಳ್ಳುವ ಹುಡುಗಿಯ ಹೆಸರು ಕೇಳಿ, ಮಗುವಿನ ಎದುರೇ ಅವಳ ಜೊತೆ ಐದು ನಿಮಿಷ ನಗುತ್ತಾ ಮಾತಾಡಿ.

ಹೊರಡುವಾಗ ಹೇಳಿಯೇ ಹೊರಡಿ. ಐದು ಗಂಟೆಗೆ ಬರ್ತೇನೆ ಅಂದರೆ ನಾಲ್ಕು ವರ್ಷದವರಿಗೆ ಗೊತ್ತಾಗುವುದಿಲ್ಲ. "ನೀನು ಚಿತ್ರಕ್ಕೆ ಬಣ್ಣ ಹಾಕಿ ಮುಗಿಸುವಾಗ ಬರ್ತೇನೆ" ಅನ್ನಿ. ಅತ್ತರೆ ಅಳಲಿ. ಮುದ್ದು ಕೊಟ್ಟು ಹೊರಡಿ, ಬಾಗಿಲಿಂದ ಮೂರು ಸಲ ವಾಪಸ್ ಬರಬೇಡಿ. ಮೊದಲ ಸಲ ಅರ್ಧ ಗಂಟೆ ಸಾಕು, ಹೇಳಿದ ಹೊತ್ತಿಗೆ ಬಂದೇ ಬರಬೇಕು. ತಾಯಿ ಮಗುವಿನ ನಂಟಿನ ಬಗ್ಗೆ ಕೆಲಸ ಮಾಡಿದ ಮೇರಿ ಐನ್ಸ್‌ವರ್ತ್ ಎಂಬ ಮನೋವಿಜ್ಞಾನಿ ತಾಯಿ ಹೊರಗೆ ಹೋದಾಗ ಮಗು ಅಳುವುದನ್ನಷ್ಟೇ ನೋಡಲಿಲ್ಲ. ತಾಯಿ ತಿರುಗಿ ಬಂದಾಗ ಅದು ಸಮಾಧಾನವಾಗುತ್ತದಾ ಅಂತ ಮುಖ್ಯವಾಗಿ ಗಮನಿಸಿದರು. ಹಾಗಾಗಿ ಕರೆದುಕೊಂಡು ಬರಲು ಹೋದಾಗ ಫೋನ್ ಕಿಸೆಯಲ್ಲಿರಲಿ, ಎರಡೂ ಕೈ ಮಗುವಿಗೆ ಇರಲಿ.

ಇನ್ನು ಕ್ಲಬ್‌ಗೆ ಸೇರಿಸುವಾಗಿನ ಫಾರ್ಮ್. ಸಾಲಿನಲ್ಲಿ ನಿಂತು ಓದದೆ ಸಹಿ ಹಾಕಬೇಡಿ. ಸಾಮಾನ್ಯವಾಗಿ ಮೂರು ವರ್ಷ ಆಗಿರಬೇಕು, ಡೈಪರ್ ಬಿಟ್ಟಿರಬೇಕು. ಅದಕ್ಕಿಂತ ಚಿಕ್ಕವರಿಗೆ ಕೆಲವು ಹಡಗುಗಳಲ್ಲಿ ಬೇರೆ ನರ್ಸರಿ ಇದೆ, ದುಡ್ಡೂ ಬೇರೆ. ಒಂಬತ್ತು ಹತ್ತು ವರ್ಷದ ಮಕ್ಕಳು ತಾವೇ ಸಹಿ ಮಾಡಿ ಹೊರಗೆ ಹೋಗಲು ಒಪ್ಪಿಗೆ ಇದೆಯೇ ಅಂತ ಒಂದು ಸಾಲು ಇರಬಹುದು. ನಾನಾದರೆ ಬೇಡ ಅಂತ ಬರೆಯುತ್ತೇನೆ. ನನಗೆ ಹೆದರಿಕೆ ಕ್ಲಬ್‌ನದ್ದಲ್ಲ, ಈಜುಕೊಳದ್ದು. ಲೈಫ್‌ಗಾರ್ಡ್ ಇಲ್ಲದ ಕೊಳಗಳು ಹಡಗುಗಳಲ್ಲಿ ಇವೆ.

ಮಗುವಿನ ಕೈಗೆ ಕಟ್ಟುವ ಬ್ಯಾಂಡ್ ಬಿಚ್ಚಬೇಡಿ. ಅಪಾಯದ ಹೊತ್ತಿಗೆ ಎಲ್ಲಿ ಸೇರಬೇಕು ಅನ್ನುವುದರ ಗುರುತು ಅದರಲ್ಲಿರುತ್ತದೆ. 2012ರಲ್ಲಿ ಇಟಲಿ ಹತ್ತಿರ ಕೋಸ್ಟಾ ಕಾಂಕಾರ್ಡಿಯಾ ಹಡಗು ಬಂಡೆಗೆ ಬಡಿದಾಗ, ಅಂದೇ ಹತ್ತಿದ್ದ ನೂರಾರು ಜನಕ್ಕೆ ಸುರಕ್ಷತಾ ಅಭ್ಯಾಸ ಇನ್ನೂ ಆಗಿರಲಿಲ್ಲ. ಈಗ ಹೊರಡುವ ಮೊದಲೇ ಅಥವಾ ಹೊರಟ ಕೂಡಲೇ ಮಾಡಿಸುತ್ತಾರೆ. ಕ್ಲಬ್‌ನಲ್ಲಿರುವ ಮಗುವನ್ನು ಯಾರು ಎಲ್ಲಿಗೆ ಕರೆತರುತ್ತಾರೆ ಅಂತ ಅಲ್ಲಿಯೇ ಕೇಳಿ ತಿಳಿದುಕೊಳ್ಳಿ.

ಕಾಯಿಲೆ ವಿಷಯಕ್ಕೆ ಬಂದರೆ ಮುಖ್ಯ ನೊರೊವೈರಸ್, ವಾಂತಿ ಭೇದಿ ತರುವ ವೈರಸ್. ಕೇರಳಕ್ಕೆ ಹೊಸದಲ್ಲ, 2021ರಲ್ಲಿ ವಯನಾಡಿನಲ್ಲಿ, 2022ರಲ್ಲಿ ತಿರುವನಂತಪುರದ ವಿಳಿಂಜಂನಲ್ಲಿ ಕಾಣಿಸಿಕೊಂಡಿತ್ತು. ಮುಚ್ಚಿದ ಜಾಗ, ಎಲ್ಲರೂ ಮುಟ್ಟುವ ಆಟಿಕೆ, ಹಾಗಾಗಿ ಬೇಗ ಹರಡುತ್ತದೆ. ಸ್ಯಾನಿಟೈಸರ್ ಇದಕ್ಕೆ ಸರಿಯಾಗಿ ನಾಟುವುದಿಲ್ಲ, ಸೋಪು ನೀರೇ ಬೇಕು. ವಾಂತಿ ಆದ ಮಗುವನ್ನು, ನಿಂತ ಮೇಲೂ ಎರಡು ದಿನ, ಕ್ಲಬ್‌ಗೆ ಕಳಿಸಬೇಡಿ. ಮುಚ್ಚಿಟ್ಟು ಕಳಿಸಿದರೆ ಬೇರೆಯವರ ಮಕ್ಕಳು ಕಾಯಿಲೆ ಬಿದ್ದು ಮಲಗುತ್ತಾರೆ. ಒಆರ್‌ಎಸ್ ಪೊಟ್ಟಣ ಮನೆಯಿಂದಲೇ ಒಯ್ಯಿರಿ. ಸಿಬ್ಬಂದಿ ಸಾಮಾನ್ಯವಾಗಿ ಔಷಧಿ ಕೊಡುವುದಿಲ್ಲ. ವೀಸಿಂಗ್ (ಉಸಿರಾಡುವಾಗ ಎದೆಯಲ್ಲಿ ಸುಯ್‌ಗುಟ್ಟುವುದು) ಇರುವ ಮಗುವಾದರೆ, ಕಡಲೆಕಾಯಿ ಅಲರ್ಜಿ ಇದ್ದರೆ, ಮೊದಲೇ ಮಾತಾಡಿ. ಹಡಗಿನ ಓಲಾಟಕ್ಕೆ ಕೊಡುವ ತಲೆಸುತ್ತಿನ ಮಾತ್ರೆಯನ್ನು ಮೊದಲ ಸಲ ಕೊಟ್ಟು ಕ್ಲಬ್‌ನಲ್ಲಿ ಬಿಡುವುದು ಬೇಡ. ಕೆಲವು ಮಕ್ಕಳು ತೂಕಡಿಸುತ್ತಾರೆ, ಕೆಲವರು ಉಲ್ಟಾ ರಂಪ ಮಾಡುತ್ತಾರೆ.

ಆ ಹುಡುಗಿಗೆ ನಾನು ಔಷಧಿ ಬರೆಯಲಿಲ್ಲ. ದಿನಾ ಹೇಳಿ ಹೋಗಿ, ಹೇಳಿದ ಹಾಗೆ ಬನ್ನಿ ಅಂದೆ. ಹಾಲು ತರಲು ಹೋಗುವಾಗಲೂ, ಪಕ್ಕದ ಮನೆಗೆ ಹೋಗುವಾಗಲೂ. ಐದಾರು ವಾರ ಬೇಕಾಯಿತು ಅವಳು ಮತ್ತೆ ಅಂಗನವಾಡಿಗೆ ಹೋಗಲು.

ಕಳೆದ ವಾರ ಮುಳ್ಳೇರಿಯದಿಂದ ಇನ್ನೊಬ್ಬ ಅಮ್ಮ ಬಂದಿದ್ದರು, ಮುಂದಿನ ತಿಂಗಳು ಹೊರಡುವವರು. ಮಗ ತುಳು ಮಾತಾಡುತ್ತಾನೆ, ಕನ್ನಡ ಮಲಯಾಳ ಅರ್ಥವಾಗುತ್ತದೆ, ಇಂಗ್ಲಿಷ್‌ನಲ್ಲಿ ಎ ಬಿ ಸಿ ಮಾತ್ರ. ಒಂದು ಚೀಟಿ ತೆಗೆದು ಇಬ್ಬರೂ ಕೂತು ಬರೆದೆವು: ಉಚ್ಚೆಗೆ, ನೀರಿಗೆ, ಅಮ್ಮ ಬೇಕು ಅನ್ನುವುದಕ್ಕೆ, ಹೊಟ್ಟೆನೋವಿಗೆ ಅವನು ಏನು ಹೇಳುತ್ತಾನೆ, ಎದುರಿಗೆ ಅದರ ಇಂಗ್ಲಿಷ್. ಕ್ಲಬ್‌ನ ಬಾಗಿಲಲ್ಲಿ ಕೊಡಲು. ನಾಲ್ಕು ಮಾತು ಬರೆದು ಮುಗಿಸಿದಾಗ ಹುಡುಗ ಮೇಜಿನ ಮೇಲೆ ಬಗ್ಗಿ ಇನ್ನೊಂದು ಸೇರಿಸಲು ಹೇಳಿದ, ಅಜ್ಜಿಗೆ ಫೋನ್ ಮಾಡಬೇಕು ಅಂತ. ಅದನ್ನೂ ಬರೆದೆವು.