ನೆಲದಡಿ ಏನಿದೆ ಅಂತ ಗೊತ್ತಾಗೋಕೆ ಎಷ್ಟು ಅನಾಹುತ ಆಗ್ಬೇಕಾಯ್ತು: ಅಮೆರಿಕದ ಪೈಪ್‌ಲೈನ್ ಮ್ಯಾಪ್ ಹುಟ್ಟಿದ್ದು ಹೀಗೆ

ನ್ಯೂಜೆರ್ಸಿಯ ಎಡಿಸನ್ ಅಂದ್ರೆ ನಮ್ಮೋರಿಗೆ ಓಕ್ ಟ್ರೀ ರೋಡು, ಅಲ್ಲಿನ ಇಂಡಿಯನ್ ಅಂಗಡಿ, ಹೋಟೆಲು ನೆನಪಾಗುತ್ತೆ. ಆದ್ರೆ ಪೈಪ್‌ಲೈನ್ ಸುರಕ್ಷತೆ ಬಗ್ಗೆ ತಲೆ ಕೆಡಿಸ್ಕೊಂಡೋರಿಗೆ ಎಡಿಸನ್ ಅಂದ್ರೆ 1994ರ ಮಾರ್ಚ್ 23ರ ರಾತ್ರಿ. ಇನ್ನೇನು ಹನ್ನೆರಡು ಗಂಟೆ ಅನ್ನುವಾಗ ಡರ್ಹಮ್ ವುಡ್ಸ್ ಅನ್ನೋ ಅಪಾರ್ಟ್‌ಮೆಂಟ್ ಪಕ್ಕ ನೆಲದೊಳಗಿದ್ದ 36 ಇಂಚಿನ ನ್ಯಾಚುರಲ್ ಗ್ಯಾಸ್ ಪೈಪು ಸಿಡೀತು, ಬೆಂಕಿ ನೂರಾರು ಅಡಿ ಮೇಲಕ್ಕೆದ್ದು ಎಂಟು ಕಟ್ಟಡ ಸುಟ್ಟುಹೋದ್ವು, ಸುಮಾರು 1,500 ಜನ ಉಟ್ಟ ಬಟ್ಟೇಲೇ ಓಡಿದ್ರು. ವಾಲ್ವ್ ಮುಚ್ಚಿ ಗ್ಯಾಸ್ ನಿಲ್ಲಿಸೋಕೆ ಎರಡೂವರೆ ಗಂಟೆ ಹತ್ರ ಹಿಡೀತು. ಆಮೇಲೆ ತನಿಖೆ ಮಾಡಿದಾಗ ಗೊತ್ತಾಗಿದ್ದು ಏನಂದ್ರೆ, ಹಿಂದೆ ಯಾವಾಗ್ಲೋ ಅಲ್ಲಿ ನೆಲ ಅಗೆದ ಯಂತ್ರವೊಂದರ ಹಲ್ಲು ತಾಗಿ ಪೈಪಿನ ಮೈ ಗೀರಿಹೋಗಿತ್ತು, ಯಾರೂ ಹೇಳಿರ್ಲಿಲ್ಲ, ಮಣ್ಣು ಮುಚ್ಚಿ ಹೋಗಿದ್ರು. ಆ ಗಾಯ ವರ್ಷಗಟ್ಟಲೆ ಒಳಗೊಳಗೇ ಬಿರುಕು ಬಿಟ್ಕೊಂಡು ಬಂದು ಆ ರಾತ್ರಿ ಬಾಯಿ ತೆರೀತು.

ಈಗ ಕೇಳಿದ್ರೆ ಆಶ್ಚರ್ಯ ಆಗುತ್ತೆ, ಆದ್ರೆ ಆ ಹೊತ್ತಿಗೆ ಅಮೆರಿಕದ ಕೇಂದ್ರ ಸರ್ಕಾರದ ಹತ್ರ ದೇಶದ ಪೈಪ್‌ಲೈನ್‌ಗಳೆಲ್ಲ ಎಲ್ಲೆಲ್ಲಿ ಹೋಗಿವೆ ಅಂತ ಒಂದೇ ಕಡೆ ತೋರಿಸೋ ಮ್ಯಾಪು ಇರ್ಲಿಲ್ಲ. ಗ್ಯಾಸ್ ಪೈಪ್‌ಲೈನ್ ಸುರಕ್ಷತೆ ಕಾನೂನು 1968ರಲ್ಲೇ ಬಂದಿತ್ತು, ನೋಡ್ಕೊಳೋಕೆ ಇಲಾಖೆನೂ ಇತ್ತು. ಮ್ಯಾಪು ಮಾತ್ರ ಆಯಾ ಕಂಪನಿಯ ಕಪಾಟಲ್ಲಿ, ಕಾಗದದಲ್ಲಿ. ಆ ಕಾಗದದಲ್ಲೂ ಅಕ್ಷಾಂಶ ರೇಖಾಂಶ ಇರ್ತಿರ್ಲಿಲ್ಲ, ಲೈನು ಶುರುವಾದ ಜಾಗದಿಂದ ಇಷ್ಟು ಅಡಿ ದೂರದಲ್ಲಿ ರಸ್ತೆ ದಾಟುತ್ತೆ, ಇಷ್ಟು ಅಡಿಗೆ ಒಂದು ವಾಲ್ವ್ ಇದೆ ಅಂತ ಲೆಕ್ಕ. ಮಧ್ಯದಲ್ಲಿ ಎಲ್ಲೋ ಹೈವೇ ಅಗಲ ಮಾಡೋಕೆ ಪೈಪನ್ನ ಪಕ್ಕಕ್ಕೆ ಸರಿಸಿದ್ರೆ ಅಲ್ಲಿಂದಾಚೆ ಲೆಕ್ಕ ಎಲ್ಲ ತಪ್ಪುತ್ತೆ, ಅದಕ್ಕೊಂದು ತಿದ್ದುಪಡಿ ಬರೀಬೇಕು, ಮುಂದೆ ಕಂಪನಿ ಇನ್ನೊಬ್ಬರಿಗೆ ಮಾರಾಟ ಆದಾಗ ಆ ತಿದ್ದುಪಡಿ ಹಾಳೆ ಜೊತೆಗೆ ಹೋಯ್ತೋ ಇಲ್ವೋ ದೇವರಿಗೇ ಗೊತ್ತು.

ಎಡಿಸನ್ ಆದ ಕಾಲದಲ್ಲೇ ಸರ್ಕಾರ ಮತ್ತು ಕಂಪನಿಗಳು ಜೊತೆಗೆ ಕೂತು, ಯಾವ ಫಾರ್ಮ್ಯಾಟಲ್ಲಿ ಮಾಹಿತಿ ಕೊಡ್ಬೇಕು, ಎಷ್ಟು ನಿಖರವಾಗಿರ್ಬೇಕು ಅಂತ ಮಾತಾಡೋಕೆ ಶುರು ಮಾಡಿದ್ರು. ಅದರಿಂದ ಹುಟ್ಟಿದ್ದೇ ನ್ಯಾಷನಲ್ ಪೈಪ್‌ಲೈನ್ ಮ್ಯಾಪಿಂಗ್ ಸಿಸ್ಟಮ್, ಎನ್‌ಪಿಎಂಎಸ್. ಆದ್ರೆ ಮೊದಮೊದಲು ಅದು ಸ್ವಇಚ್ಛೆ, ಕೊಡೋರು ಕೊಡಬಹುದು, ಕೊಡದಿದ್ರೆ ಕೇಳೋ ಹಾಗಿಲ್ಲ. ಇಂಥ ವಿಷ್ಯದಲ್ಲಿ ಸ್ವಇಚ್ಛೆ ಅನ್ನೋದು ಕೆಲಸ ಮಾಡಲ್ಲ ಅಂತ ನಾನು ಖಂಡಿತ ನಂಬ್ತೀನಿ, ಅರ್ಧ ಖಾಲಿ ಇರೋ ಮ್ಯಾಪು ನೋಡಿದೋನು ಗೆರೆ ಇಲ್ಲದ ಕಡೆ ಪೈಪೂ ಇಲ್ಲ ಅಂದ್ಕೊಂಡ್‌ಬಿಡ್ತಾನೆ, ಅದು ಮ್ಯಾಪೇ ಇಲ್ಲದಿರೋದಕ್ಕಿಂತ ಅಪಾಯ.

ಕಡ್ಡಾಯ ಆಗೋಕೆ ಇನ್ನೂ ಎರಡು ದುರಂತ ಬೇಕಾಯ್ತು. 1999ರ ಜೂನ್ 10, ವಾಷಿಂಗ್ಟನ್ ರಾಜ್ಯದ ಬೆಲಿಂಗ್‌ಹ್ಯಾಮ್. ಒಲಿಂಪಿಕ್ ಕಂಪನಿಯ 16 ಇಂಚಿನ ಪೆಟ್ರೋಲ್ ಪೈಪು ಒಡೆದು 2,37,000 ಗ್ಯಾಲನ್, ಅಂದ್ರೆ ಸುಮಾರು 9 ಲಕ್ಷ ಲೀಟರ್ ಪೆಟ್ರೋಲ್ ಊರೊಳಗಿನ ಪಾರ್ಕಿನ ಹೊಳೆಗೆ ಇಳೀತು, ಬೆಂಕಿ ಹತ್ಕೊಂಡು ಹೊಳೆ ಉದ್ದಕ್ಕೂ ಓಡ್ತು. ಹತ್ತು ವರ್ಷದ ಇಬ್ಬರು ಹುಡುಗರು, ಮೀನು ಹಿಡಿಯೋಕೆ ಹೋಗಿದ್ದ ಹದಿನೆಂಟರ ಹುಡುಗ, ಮೂರು ಜನ ಹೋದ್ರು. ಅಲ್ಲೂ ಐದು ವರ್ಷ ಹಿಂದೆ ಪಕ್ಕದ ನೀರು ಶುದ್ಧೀಕರಣ ಘಟಕದ ಕೆಲಸಕ್ಕೆ ನೆಲ ಅಗೆದಾಗ ಪೈಪಿಗೆ ಏಟು ಬಿದ್ದಿತ್ತು. ಮರು ವರ್ಷ ಆಗಸ್ಟ್ 19ಕ್ಕೆ ನ್ಯೂ ಮೆಕ್ಸಿಕೋದ ಕಾರ್ಲ್ಸ್‌ಬ್ಯಾಡ್ ಹತ್ರ ನದಿ ದಂಡೇಲಿ ಟೆಂಟ್ ಹಾಕ್ಕೊಂಡು ಮಲಗಿದ್ದ ಒಂದೇ ಬಳಗದ 12 ಜನ, ಒಳಗೆ ತುಕ್ಕು ತಿಂದಿದ್ದ ಗ್ಯಾಸ್ ಪೈಪು ಸಿಡಿದು ತೀರಿಕೊಂಡ್ರು. ಬೆಲಿಂಗ್‌ಹ್ಯಾಮಿನ ಆ ಅಪ್ಪ ಅಮ್ಮಂದಿರು ಸುಮ್ಮನೆ ಕೂರ್ಲಿಲ್ಲ, ಹೋರಾಟ ಮಾಡಿದ್ರು, ಆ ಪ್ರಕರಣದಲ್ಲಿ ಬಂದ ದುಡ್ಡಿಂದಲೇ ಪೈಪ್‌ಲೈನ್ ಸೇಫ್ಟಿ ಟ್ರಸ್ಟ್ ಅನ್ನೋ ಸಂಸ್ಥೆ ನಿಂತ್ಕೊಂಡ್ತು, ಇವತ್ತಿಗೂ ಕಂಪನಿ ಮತ್ತು ಸರ್ಕಾರ ಎರಡನ್ನೂ ಪ್ರಶ್ನೆ ಕೇಳ್ತಿರೋ ಸಂಸ್ಥೆ ಅದು. 2002ರ ಡಿಸೆಂಬರಿನಲ್ಲಿ ಬಂದ ಕಾನೂನು ಎಲ್ಲ ದೊಡ್ಡ ಗ್ಯಾಸ್ ಲೈನು, ತೈಲ ಲೈನುಗಳ ಮ್ಯಾಪು ಆರು ತಿಂಗಳೊಳಗೆ ಕೊಡ್ಲೇಬೇಕು, ಆಮೇಲೆ ಪ್ರತಿ ವರ್ಷ ಸರಿಪಡಿಸ್ತಾ ಇರ್ಬೇಕು ಅಂತ ಹೇಳ್ತು.

ಅಷ್ಟರಲ್ಲಿ ಇನ್ನೊಂದು ಆಗಿತ್ತು. 2001ರ ಸೆಪ್ಟೆಂಬರ್ 11ರ ದಾಳಿ ಆದ್ಮೇಲೆ ಈ ಮ್ಯಾಪನ್ನ ಜನ ನೋಡದ ಹಾಗೆ ಮುಚ್ಚಿಬಿಟ್ರು, ಭಯೋತ್ಪಾದಕರ ಕೈಗೆ ಸಿಕ್ಕಿದ್ರೆ ಅಂತ. ನಂತರ ಒಂದಿಷ್ಟು ತೆರೆದ್ರು, ಒಂದು ಸಲಕ್ಕೆ ಒಂದೇ ಕೌಂಟಿ, ಅಂದ್ರೆ ನಮ್ಮ ಜಿಲ್ಲೆ ಥರದ್ದು, ನೋಡಬಹುದು, ಒಂದು ಮಟ್ಟಕ್ಕಿಂತ ಜಾಸ್ತಿ ಜೂಮ್ ಆಗಲ್ಲ, ಪೂರ್ತಿ ಮಾಹಿತಿ ಬೇಕಂದ್ರೆ ಅಧಿಕಾರಿ ಆಗಿರ್ಬೇಕು. ಹೆದರಿಕೆ ಸುಳ್ಳು ಅಂತ ನಾನು ಹೇಳಲ್ಲ. ಆದ್ರೆ ದಕ್ಷಿಣ ಕನ್ನಡದಲ್ಲಿ ಪೈಪಿಗೆ ತೂತು ಕೊರೆದು ಡೀಸೆಲ್ ಕದ್ದೋರು ಯಾವ ಸರ್ಕಾರಿ ಮ್ಯಾಪಿಗೂ ಕಾದು ಕೂತಿರ್ಲಿಲ್ಲ. ಮುಚ್ಚಿಟ್ರೆ ಮೊದಲು ಕತ್ತಲಲ್ಲಿ ಉಳಿಯೋದು ಅದರ ಮೇಲೆ ಮನೆ ಕಟ್ಟೋ ಜನ, ಬೆಂಕಿ ಆರಿಸೋಕೆ ಬರೋ ಜನ.

ಅದು ಎಷ್ಟು ನಿಜ ಅಂತ 2010ರ ಸೆಪ್ಟೆಂಬರ್ 9ರಂದು ಗೊತ್ತಾಯ್ತು. ಸ್ಯಾನ್ ಫ್ರಾನ್ಸಿಸ್ಕೋ ಏರ್‌ಪೋರ್ಟ್ ಪಕ್ಕದ ಸ್ಯಾನ್ ಬ್ರೂನೋ, ಸಂಜೆ ಆರು ಗಂಟೆ ದಾಟಿತ್ತು, ಇದ್ದಕ್ಕಿದ್ದಂತೆ ಬೀದಿ ಮಧ್ಯೆ ಬೆಂಕಿಯ ಕಂಬ. ಅಗ್ನಿಶಾಮಕದವರೂ ಮೊದಲು ವಿಮಾನ ಬಿದ್ದಿದೆ ಅಂದ್ಕೊಂಡ್ರು, ಯಾಕಂದ್ರೆ ಆ ಬೀದಿ ಕೆಳಗೆ 30 ಇಂಚಿನ ಹೈ ಪ್ರೆಶರ್ ಗ್ಯಾಸ್ ಲೈನು ಹೋಗಿದೆ ಅನ್ನೋದೇ ಅವರಿಗೆ ಗೊತ್ತಿರ್ಲಿಲ್ಲ. ಆ ಲೈನಿನ ಮಾಲೀಕ ಪಿಜಿ ಅಂಡ್ ಇ ಕಂಪನಿಗೆ ಗ್ಯಾಸ್ ನಿಲ್ಲಿಸೋಕೆ 95 ನಿಮಿಷ ಬೇಕಾಯ್ತು. ಎಂಟು ಜನ ಸತ್ರು, 38 ಮನೆ ಉಳೀಲಿಲ್ಲ. ಆ ಹೊತ್ತಿಗೆ ರಾಷ್ಟ್ರೀಯ ಮ್ಯಾಪ್ ಕಡ್ಡಾಯ ಆಗಿ ಏಳು ವರ್ಷ ಕಳೆದಿತ್ತು ಅನ್ನೋದನ್ನ ಮರೀಬೇಡಿ.

ತನಿಖೇಲಿ ಹೊರಗೆ ಬಂದ ಸಂಗತಿ ಅದಕ್ಕಿಂತ ಕೆಟ್ಟದು. ಕಂಪನಿಯ ದಾಖಲೇಲಿ ಆ ಜಾಗದ ಪೈಪು ಸೀಮ್‌ಲೆಸ್, ಅಂದ್ರೆ ಉದ್ದಕ್ಕೆ ಬೆಸುಗೆನೇ ಇಲ್ಲದ ಪೈಪು ಅಂತಿತ್ತು. ಅಗೆದು ನೋಡಿದ್ರೆ 1956ರಲ್ಲಿ ಹೂತಿದ್ದ ಚಿಕ್ಕ ಚಿಕ್ಕ ತುಂಡುಗಳು, ಉದ್ದಕ್ಕೆ ಬೆಸುಗೆ ಇದೆ, ಅದೂ ಅರೆಬರೆ ಬೆಸುಗೆ. ಆ ಪೈಪಿಗೆ ಎಷ್ಟು ಅಪಾಯ ಇದೆ ಅಂತ ಕಂಪನಿ ಅಂದಾಜು ಮಾಡ್ತಿದ್ದಿದ್ದು ಆ ಸುಳ್ಳು ದಾಖಲೆ ಮೇಲೆ! ನಿಮ್ಮ ದಾಖಲೆಗಳೆಲ್ಲ ತೆಗೆದು ಸರಿ ಇದ್ಯಾ ತೋರಿಸಿ ಅಂತ ಆದೇಶ ಆದಾಗ ಕಂಪನಿಯೋರು 2011ರಲ್ಲಿ ಕೌ ಪ್ಯಾಲೆಸ್ ಅನ್ನೋ ದೊಡ್ಡ ಸಭಾಂಗಣ ಹಿಡಿದು, ಅಲ್ಲಿಗೆ ರಾಶಿರಾಶಿ ಕಾಗದದ ಪೆಟ್ಟಿಗೆ ತರಿಸಿ, ಹಗಲೂ ರಾತ್ರಿ ಜನರನ್ನ ಕೂರಿಸಿ ಹಳೇ ಹಾಳೆ ಹುಡುಕಿಸಿದ್ರು. ಕಂಪ್ಯೂಟರಲ್ಲಿ ಬಣ್ಣಬಣ್ಣದ ಗೆರೆ ಕಾಣಿಸ್ತಿದ್ದ ಕಾಲದಲ್ಲೂ ಆ ಗೆರೆ ಹಿಂದಿದ್ದ ಸತ್ಯ ಪೆಟ್ಟಿಗೆಗಳಲ್ಲಿತ್ತು, ಕೆಲವು ಕಡೆ ಪೆಟ್ಟಿಗೇಲೂ ಇರ್ಲಿಲ್ಲ. 2015ರಲ್ಲಿ ಕ್ಯಾಲಿಫೋರ್ನಿಯಾ 160 ಕೋಟಿ ಡಾಲರ್ ದಂಡ ಹಾಕ್ತು, ಮರುವರ್ಷ ಕ್ರಿಮಿನಲ್ ಕೇಸಲ್ಲೂ ಕಂಪನಿ ದೋಷಿ ಅಂತ ತೀರ್ಪಾಯ್ತು.

ಈಗ ಎಷ್ಟು ನಿಖರ ಅನ್ನೋ ಪ್ರಶ್ನೆ. ಎನ್‌ಪಿಎಂಎಸ್ ಕೇಳ್ತಿದ್ದ ನಿಖರತೆ 500 ಅಡಿ, ಅಂದ್ರೆ ಗೆರೆ ಇರೋ ಕಡೆಯಿಂದ ಈಚೆಗೋ ಆಚೆಗೋ ಸುಮಾರು 150 ಮೀಟರ್ ಒಳಗೆ ಪೈಪು ಇದ್ರೆ ಸಾಕು. ಯಾವ ಊರು, ಯಾವ ಕುಡಿಯೋ ನೀರಿನ ಮೂಲ, ಯಾವ ಸ್ಕೂಲು ಪೈಪಿಗೆ ಹತ್ರ ಇದೆ, ಎಲ್ಲಿ ಜಾಸ್ತಿ ತಪಾಸಣೆ ಬೇಕು ಅಂತ ಅಂದಾಜು ಮಾಡೋಕೆ ಅದು ಒಂದು ಮಟ್ಟಕ್ಕೆ ಆಗುತ್ತೆ, ಇಂಥದ್ದೇ ಮನೆ ಹಿತ್ತಲಲ್ಲಿದೆ ಅಂತ ಹೇಳೋಕೆ ಆಗಲ್ಲ. 2014ರಲ್ಲಿ ಅಲ್ಲಿನ ಸುರಕ್ಷತಾ ಇಲಾಖೆ 5 ಅಡಿ ನಿಖರತೆ ಬೇಕು ಅಂತ ಪ್ರಸ್ತಾವ ತಂದ್ರೆ ಕಂಪನಿಗಳು ಖರ್ಚು ಜಾಸ್ತಿ ಅಂತ ಜೋರಾಗಿ ವಿರೋಧ ಮಾಡಿದ್ವು, ಪ್ರಸ್ತಾವ ಜನವಸತಿ ಇರೋ ಕಡೆಗೂ 50 ಅಡಿಗೆ ಸಡಿಲ ಆಯ್ತು. ಇನ್ನು ಮನೆಮನೆಗೆ ಹೋಗೋ ಸಣ್ಣ ಗ್ಯಾಸ್ ಪೈಪುಗಳು ಈ ಮ್ಯಾಪಲ್ಲಿ ಇಲ್ಲವೇ ಇಲ್ಲ, ಉದ್ದದ ಲೆಕ್ಕದಲ್ಲಿ ನೋಡಿದ್ರೆ ಅವೇ ಜಾಸ್ತಿ. ಹಾಗಾಗಿ ಅಗೆಯೋನಿಗೆ ಬೇರೆ ದಾರಿ ಮಾಡಿದ್ರು, 2007ರಿಂದ ದೇಶಕ್ಕೆಲ್ಲ ಒಂದೇ ನಂಬರ್ 811, ಅಗೆಯೋಕೆ ಮುಂಚೆ ಫೋನ್ ಮಾಡಿದ್ರೆ ಪೈಪಿನೋರೇ ಬಂದು ನೆಲದ ಮೇಲೆ ಬಣ್ಣ ಬಳಿದು ತೋರಿಸ್ತಾರೆ, ಗ್ಯಾಸಿಗೆ ಹಳದಿ, ಕುಡಿಯೋ ನೀರಿಗೆ ನೀಲಿ.

ನಮ್ಮಲ್ಲೂ ಈಗ ನೆಲದಡಿ ಕಡಿಮೆ ಏನಿಲ್ಲ. ಮಂಗಳೂರಿಂದ ಹಾಸನದ ಮೇಲೆ ಬೆಂಗಳೂರಿಗೆ ಪೆಟ್ರೋಲ್ ಡೀಸೆಲ್ ಲೈನು 2003ರಿಂದ ಇದೆ, ದಾಭೋಲ್‌ನಿಂದ ಬೆಂಗಳೂರಿಗೆ ಗ್ಯಾಸ್ 2013ರಲ್ಲಿ ಬಂತು, ಕೊಚ್ಚಿ–ಮಂಗಳೂರು ಲೈನು 2021ರ ಜನವರಿಯಲ್ಲಿ ಉದ್ಘಾಟನೆ ಆಯ್ತು, ಈಗ ಬೆಂಗಳೂರಿನ ಬಡಾವಣೆ ಬಡಾವಣೇಲೂ ಅಡುಗೆ ಗ್ಯಾಸ್ ಪೈಪು. ಕೇಂದ್ರ ಸರ್ಕಾರ 2021ರ ಅಕ್ಟೋಬರಿನಲ್ಲಿ ರಸ್ತೆ, ರೈಲು, ಪೈಪ್‌ಲೈನ್ ಎಲ್ಲ ಒಂದೇ ಕಡೆ ತೋರಿಸೋ ಗತಿಶಕ್ತಿ ಮ್ಯಾಪ್ ಶುರು ಮಾಡ್ತು, 2023ರ ಮಾರ್ಚ್ 22ಕ್ಕೆ 'ಕಾಲ್ ಬಿಫೋರ್ ಯು ಡಿಗ್' ಆ್ಯಪ್ ಬಂತು, ಅಗೆಯೋನು ಜಾಗ ಹಾಕಿದ್ರೆ ಅಲ್ಲಿ ಕೇಬಲ್ಲು ಪೈಪು ಇರೋರಿಗೆ ಮೆಸೇಜ್ ಹೋಗುತ್ತೆ. ಅದೇ ತಿಂಗಳು ಎಚ್‌ಎಸ್‌ಆರ್ ಲೇಔಟಲ್ಲಿ ನೀರಿನ ಕೆಲಸಕ್ಕೆ ಅಗೆಯುವಾಗ ಗ್ಯಾಸ್ ಪೈಪಿಗೆ ಏಟು ಬಿದ್ದು, ಸೋರಿದ ಗ್ಯಾಸ್ ಸ್ಫೋಟ ಆಗಿ ಜನಕ್ಕೆ ಗಾಯ ಆಯ್ತು. ಆ್ಯಪ್ ಒಳ್ಳೇದೇ, ಆದ್ರೆ ಸಬ್ ಕಾಂಟ್ರ್ಯಾಕ್ಟರ್ ಕಳಿಸಿದ ಜೆಸಿಬಿ ಡ್ರೈವರ್ ತನಕ ಅದು ತಲುಪ್ಬೇಕು. ಊರೊಳಗಿನ ಗ್ಯಾಸ್ ಪೈಪು ಬಹುಪಾಲು ಪ್ಲಾಸ್ಟಿಕ್, ಲೋಹ ಹುಡುಕೋ ಯಂತ್ರಕ್ಕೆ ಸಿಗೋದಿಲ್ಲ, ಹಾಗಾಗಿ ಹೂಳೋ ದಿನವೇ ಸರಿಯಾಗಿ ಅಳೆದು ಬರೆದಿಡದಿದ್ರೆ ಮುಂದೆ ಹುಡುಕೋದು ತುಂಬ ಕಷ್ಟ.

ಹಳ್ಳಿ ಕಡೆ ದೊಡ್ಡ ಲೈನು ಹೋಗಿರೋ ಜಮೀನಿನ ಪಟ್ಟಿ ಮೇಲೆ 1962ರ ಕಾನೂನಿನ ಪ್ರಕಾರ ಮನೆ ಕಟ್ಟೋ ಹಾಗಿಲ್ಲ, ಬಾವಿ ತೋಡೋ ಹಾಗಿಲ್ಲ, ಮರ ನೆಡೋ ಹಾಗಿಲ್ಲ, ಜಮೀನು ಮಾತ್ರ ರೈತನ ಹೆಸರಲ್ಲೇ ಇರುತ್ತೆ. ಅದೇ ಜಮೀನು ನಾಳೆ ಸೈಟಾಗಿ ಮಾರಾಟಕ್ಕೆ ಬರುತ್ತೆ. ಕೊಳ್ಳೋರು ಪಹಣೀಲಿ ಇದರ ನಮೂದು ಇದ್ಯಾ ಕೇಳಿ, ಅಕ್ಕಪಕ್ಕ ಪೈಪ್‌ಲೈನ್ ಗುರುತಿನ ಕಂಬ ಇದ್ಯಾ ನೋಡಿ, ಇದ್ರೆ ಅದರ ಮೇಲಿರೋ ನಂಬರಿಗೆ ಫೋನ್ ಮಾಡಿ ಲೈನು ಎಲ್ಲಿಂದ ಎಲ್ಲಿಗೆ ಹೋಗಿದೆ ಅಂತ ಬಂದು ತೋರಿಸೋಕೆ ಹೇಳಿ, ಆಮೇಲೆ ಅಡ್ವಾನ್ಸ್ ಕೊಡಿ.